ಅರ್ಧವೇ ದೊಡ್ಡದು

ಆ ಮನೆಯಲ್ಲಿ ಇಬ್ಬರು ಟೀಚರುಗಳು, ಅತ್ತೆ ಮತ್ತು ಸೊಸೆ. ಇಬ್ಬರದೂ ಒಂದೇ ಶಾಲೆ, ಇಬ್ಬರದೂ ಗಣಿತ. ಅತ್ತೆಗೆ ನಿವೃತ್ತಿಯಾಗಿ ಕೆಲವು ವರ್ಷಗಳಾಗಿದ್ದವು. ಆದರೆ ಆ ಸುದ್ದಿ ಶಾಲೆಗೆ ತಲುಪಿದಷ್ಟು ಚೆನ್ನಾಗಿ ಅತ್ತೆಗೆ ತಲುಪಿರಲಿಲ್ಲ. ಬೆಳಿಗ್ಗೆ ಸೊಸೆ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಓಡುವಾಗ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

"ಇವತ್ತು ಯಾವ ಪಾಠ?"

"ಭಿನ್ನರಾಶಿ, ಅತ್ತೆ."

"ಮಗ್ಗಿ ಬಾಯಿಗೆ ಬಂದಿದೆಯಾ ಮಕ್ಕಳಿಗೆ? ಅದು ಬರದೆ ಭಿನ್ನರಾಶಿಗೆ ಕೈ ಹಾಕಬೇಡ."

"ಮಗ್ಗೀನೂ ಬಂದಿದೆ, ಬಸ್ಸೂ ಬಂದಿದೆ. ಹೋಗಿಬರ್ತೀನಿ ಅತ್ತೆ."

ಬೀದಿಯ ಜನಕ್ಕೆ ಅತ್ತೆ 'ದೊಡ್ಡ ಮೇಡಂ'. ಬೇಕರಿಯವನು, ಬ್ಯಾಂಕಿನ ಗುಮಾಸ್ತ, ಬಸ್ಸಿನ ಕಂಡಕ್ಟರ್, ಎಲ್ಲರೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಎಲ್ಲಿ ಸಾಲಿನಲ್ಲಿ ನಿಂತರೂ "ಮೇಡಂ, ನೀವು ಮುಂದೆ ಬನ್ನಿ" ಎನ್ನುವವರೊಬ್ಬರು ಇರುತ್ತಿದ್ದರು. ಅತ್ತೆ ಬೇಡ ಬೇಡ ಎನ್ನುತ್ತಲೇ ಮುಂದೆ ಹೋಗುತ್ತಿದ್ದರು.

ಹೀಗಿರುವಾಗ ಶಾಲೆಯವರು ಮೊಬೈಲಿನಲ್ಲಿ ಒಂದು ಪೇಜ್ ತೆರೆದರು. ಪಕ್ಕದ ಬೀದಿಯ ಶಾಲೆಗೆ ಪೇಜ್ ಇದೆ, ನಮಗಿಲ್ಲವಲ್ಲ ಎಂದು ಹೆಡ್‌ಮಾಸ್ಟರಿಗೆ ಸಂಕಟವಾಗಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಸೊಸೆಯ ಕೊರಳಿಗೆ ಬಿತ್ತು. ಮೊದಮೊದಲು ಅವಳು ರಜೆಯ ಸೂಚನೆ, ಪರೀಕ್ಷೆಯ ವೇಳೆ ಇಂಥವನ್ನು ಹಾಕಿದಳು. ಯಾರೂ ತಿರುಗಿ ನೋಡಲಿಲ್ಲ. ಒಂದು ದಿನ ತರಗತಿಯಲ್ಲಿ ಇಡೀ ಬ್ರೆಡ್ಡೊಂದನ್ನು ಕುಯ್ದು ಅರ್ಧ, ಕಾಲು, ಅರೆಕಾಲು ತೋರಿಸಿ, ಕೊನೆಗೆ ಮಕ್ಕಳೆಲ್ಲ ಆ ಬ್ರೆಡ್ಡಿಗೆ ಮುಗಿಬಿದ್ದದ್ದನ್ನೂ ಸೇರಿಸಿ ವಿಡಿಯೋ ಹಾಕಿದಳು. ಅದು ಊರೂರು ಸುತ್ತಿತು. ಯಾವ ಯಾವ ಊರಿನ ಟೀಚರುಗಳೋ ಹೊಗಳಿ ಬರೆದರು.

ಆ ವಾರ ಅತ್ತೆ ಮಂಡಿನೋವಿನ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದರು. ಅಲ್ಲಿ ಹೊಸದಾಗಿ ಸೇರಿದ ಹುಡುಗಿ ಅವರ ಮುಖವನ್ನೇ ನೋಡಿ, "ನೀವು ಆ ಬ್ರೆಡ್ ಟೀಚರ ಅತ್ತೆ ಅಲ್ವಾ?" ಎಂದಳು.

ಅತ್ತೆ ಮಾತ್ರೆಯ ಬದಲು ಆ ಮಾತನ್ನೇ ನುಂಗಿಕೊಂಡು ಮನೆಗೆ ಬಂದರು. ಊಟದ ಹೊತ್ತಿಗೆ ಅದು ಹೊರಗೆ ಬಂತು.

"ಬ್ರೆಡ್ ಟೀಚರಂತೆ! ಮೂವತ್ತು ವರ್ಷ ಪಾಠ ಮಾಡಿದೆ, ಒಂದು ದಿನ ಒಂದು ಬ್ರೆಡ್ ಕುಯ್ಯಲಿಲ್ಲ. ನನ್ನ ಮಕ್ಕಳು ಪಾಸಾಗಲಿಲ್ವಾ?"

"ಆದರು ಅಮ್ಮ. ಹೊಟ್ಟೆ ಹಸ್ಕೊಂಡು ಪಾಸಾದರು," ಎಂದ ಮಗ. ಅವನು ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಹಗಲೆಲ್ಲ ಗ್ರೀಸು, ತಂತಿಹಗ್ಗ, ಕತ್ತಲು. ಮನೆಗೆ ಬಂದ ಮೇಲೆ ನಗಬೇಕೆಂಬುದು ಅವನ ಹಟ.

"ನಗು. ನಿನ್ನ ಹೆಂಡತಿ ಅಲ್ವಾ, ನಗದೆ ಇನ್ನೇನು?"

ಸೊಸೆ ಮೊಟ್ಟೆ ಬಡಿಸಿದಳು. ಅವಳಿಗೆ ಒಳಗೊಳಗೆ ಹಿಗ್ಗು. ಅದು ಮುಖದಲ್ಲಿ ಕಾಣದಿರಲಿ ಎಂದು ತಲೆ ತಗ್ಗಿಸಿದ್ದಳು. ಅತ್ತೆಗೆ ಅದೂ ಕಾಣಿಸಿತು.

ಮೊಮ್ಮಗಳ ಅಡ್ಡಹೆಸರು ಚಿನಕುರಳಿ. ಅಮ್ಮನ ಶಾಲೆಯಲ್ಲೇ ಎಂಟನೇ ತರಗತಿ. ಅವಳ ಉರಿಯೇ ಬೇರೆ.

"ಅಮ್ಮಾ, ನನ್ನ ಒಂದು ಸಲವೂ ಪೇಜಿಗೆ ಹಾಕಿಲ್ಲ ನೀನು. ಆ ಸಾಸಿವೆನ ಮಾತ್ರ ದಿನಾ ತೋರಿಸ್ತೀಯ."

"ನೀನು ನನ್ನ ಮಗಳು ಕಣೇ. ನಿನ್ನ ಹಾಕಿದರೆ ಜನ ಏನಂತಾರೆ?"

"ನಿನ್ನ ಮಗಳಾಗಿದ್ದೇ ತಪ್ಪು ಹಾಗಾದರೆ."

ಸಾಸಿವೆ ಎಂದರೆ ನಾಲ್ಕನೇ ತರಗತಿಯ ಹುಡುಗಿ, ಕ್ಷೌರದಂಗಡಿಯವನ ಮಗಳು. ಹುಟ್ಟಿದಾಗ ಅಷ್ಟು ಚಿಕ್ಕದಾಗಿದ್ದಳೆಂದು ಅಪ್ಪ ಇಟ್ಟ ಹೆಸರು. ಸೊಂಟದವರೆಗೆ ಎರಡು ಜಡೆ. ಉತ್ತರ ಗೊತ್ತಿರಲಿ ಬಿಡಲಿ, ಎಲ್ಲರಿಗಿಂತ ಮೊದಲು ಕೈ ಎತ್ತುವಳು. ಅವಳಿದ್ದ ವಿಡಿಯೋಗಳಿಗೇ ಹೆಚ್ಚು ಹಾರ್ಟು ಬೀಳುತ್ತವೆಂದು ಸೊಸೆ ಕಂಡುಕೊಂಡಿದ್ದಳು.

ಮುಂದಿನ ವಾರ ಸೊಸೆ ಫೋನನ್ನು ಮೇಜಿಗೆ ಆನಿಸಿಟ್ಟು ತರಗತಿಯಲ್ಲಿ ಕೇಳಿದಳು: "ಒಂದು ಬನ್ನು ದೊಡ್ಡದೋ, ಅರ್ಧ ಬನ್ನು ದೊಡ್ಡದೋ?"

ಸಾಸಿವೆ ಕೈ ಎತ್ತಿದಳು. "ಅರ್ಧವೇ ದೊಡ್ಡದು ಮಿಸ್."

ತರಗತಿ ಗೊಳ್ಳೆಂದಿತು. ಸೊಸೆಗೂ ನಗು ತಡೆಯಲಾಗಲಿಲ್ಲ. "ಇನ್ನೊಂದು ಸಲ ಯೋಚನೆ ಮಾಡಿ ಹೇಳು," ಎಂದಳು. ಹುಡುಗಿ ಎಲ್ಲರ ಮುಖ ನೋಡಿ, ಜಡೆಯ ತುದಿ ಹಿಡಿದುಕೊಂಡು, "ಅರ್ಧವೇ," ಎಂದಳು. ಮತ್ತೆ ನಗು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಸೊಸೆ ಅದನ್ನು 'ಮುದ್ದು ಮಕ್ಕಳ ಮುದ್ದು ಉತ್ತರ' ಎಂದು ಪೇಜಿಗೆ ಹಾಕಿದಳು. ಊಟದ ಬಿಡುವಿನಲ್ಲಿ ಆಟದ ಮಾಸ್ತರು ಅವಳ ಮೇಜಿನ ಹತ್ತಿರ ಬಂದರು.

"ಮೇಡಂ, ಕೊನೇಲಿ ಆ ಮಗು ಮುಖ ನೋಡಿದ್ರಾ?"

ಅವಳು ನೋಡಿರಲಿಲ್ಲ. ಬಿದ್ದ ಹಾರ್ಟುಗಳನ್ನು ನೋಡಿದ್ದಳು. ಈಗ ನೋಡಿದಳು. ತುಟಿ ನಗುತ್ತಿತ್ತು, ಕಣ್ಣು ತುಂಬಿಕೊಳ್ಳುತ್ತಿತ್ತು. ಕೈತೊಳೆಯುವ ಮೊದಲೇ ವಿಡಿಯೋ ತೆಗೆದುಹಾಕಿದಳು.

ಅಷ್ಟರಲ್ಲಿ ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಅದನ್ನು ನೋಡಿಯಾಗಿತ್ತು. ಒಮ್ಮೆ ನೋಡಿದರು, ಕೈ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಸೊಸೆಯ ತರಗತಿಯ ಮಗುವಿಗೆ ಒಂದಕ್ಕೂ ಅರ್ಧಕ್ಕೂ ವ್ಯತ್ಯಾಸ ಗೊತ್ತಿಲ್ಲ! ವಿಡಿಯೋವನ್ನು ಫೋನಿಗೆ ಇಳಿಸಿಕೊಂಡು, ನಿವೃತ್ತ ಶಿಕ್ಷಕರ ಗ್ರೂಪಿಗೆ ಕಳಿಸಿ, ಮೇಲೊಂದು ಸಾಲು ಬರೆದರು: 'ಬ್ರೆಡ್ ಪಾಠದ ಮಹಿಮೆ ನೋಡಿ.'

ಕೂಡಲೇ ಉತ್ತರಗಳು ಬಂದವು. 'ನಿಮ್ಮ ಕಾಲವೇ ಬೇರೆ ಮೇಡಂ.' 'ಈಗೆಲ್ಲ ಶೋಕಿ, ಪಾಠ ಎಲ್ಲಿದೆ?' ಆ ಮಧ್ಯಾಹ್ನ ಅತ್ತೆ ಇನ್ನೊಂದು ಸೌಟು ಅನ್ನ ಹಾಕಿಕೊಂಡು ಹೊಟ್ಟೆ ತುಂಬ ಉಂಡು ಮಲಗಿದರು.

ಗ್ರೂಪಿನಲ್ಲಿದ್ದವರು ಮಕ್ಕಳಿಗೆ ಕಳಿಸಿದರು, ಅವರು ಗೆಳೆಯರಿಗೆ ಕಳಿಸಿದರು. ಯಾರೋ ಅದಕ್ಕೆ ಕತ್ತೆ ಕೂಗುವ ಸದ್ದು ಸೇರಿಸಿದರು. ಬೀದಿಯಲ್ಲಿ, ನೀರಿನ ನಲ್ಲಿಯ ಹತ್ತಿರ, ಮೈದಾನದಲ್ಲಿ ಹುಡುಗರು ಸಾಸಿವೆಯನ್ನು "ಏ ಅರ್ಧ!" ಎಂದು ಕೂಗತೊಡಗಿದರು. ಅವಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು.

"ನಾನು ತೆಗೆದುಬಿಟ್ಟಿದ್ದೆ. ಮತ್ತೆ ಹೇಗೆ ಹೊರಗೆ ಹೋಯ್ತು?" ಎಂದು ಸೊಸೆ ಊಟದಲ್ಲಿ ಕೇಳಿದಳು. ಅನ್ನ ತಟ್ಟೆಯಲ್ಲೇ ಇತ್ತು.

"ಹಾಕಿದ್ದು ನೀನೇ ತಾನೇ?" ಎಂದರು ಅತ್ತೆ. "ಬಾವಿಗೆ ಬಿಟ್ಟ ಕೊಡ ಹಗ್ಗ ಹಿಡಿದವರ ಮಾತನ್ನೇ ಕೇಳುತ್ತೆ ಅಂತ ಏನಿಲ್ಲ."

ಚಿನಕುರಳಿ ಅಜ್ಜಿಯ ಮುಖ ನೋಡಿದಳು. ಆಮೇಲೆ ತನ್ನ ತಟ್ಟೆಗೆ ಬಗ್ಗಿದಳು.

ಭಾನುವಾರ ಸೊಸೆ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಕ್ಷೌರದಂಗಡಿಯವನು ಬಂದ. ಅವನು ಬೇರೆ ಊರಿನಿಂದ ಬಂದು ಅಂಗಡಿ ಹಾಕಿದವನು, ದೊಡ್ಡ ಮೇಡಂ ಕೈಯಲ್ಲಿ ಓದಿದವನಲ್ಲ. ಹಾಗಾಗಿ ಗೇಟಿನಲ್ಲೇ ದನಿ ಎತ್ತಿದ.

"ತೆಗೆದಿದೀನಿ ಅಂತ ಹೇಳಿ ಕಳಿಸಿದ್ರಲ್ಲ ಮಿಸ್, ಮತ್ತೆ ನನ್ನ ಗಿರಾಕಿಗಳ ಫೋನಲ್ಲಿ ಹೇಗೆ ಬರ್ತಿದೆ? ಕುರ್ಚೀಲಿ ಕೂತ್ಕೊಂಡು ನನಗೇ ತೋರಿಸಿ ನಗ್ತಾರೆ. ಅವಳು ನನ್ನ ಮಗಳು ಅಂತ ಅವರಿಗೆ ಗೊತ್ತಿಲ್ಲ. ಅವರ ಗಂಟಲ ಮೇಲೆ ನನ್ನ ಕತ್ತಿ ಇರುತ್ತೆ ಮಿಸ್."

"ತಪ್ಪಾಯ್ತು. ನಾನು ಹಾಕಲೇಬಾರದಿತ್ತು," ಎಂದಳು ಸೊಸೆ. ಕೈಯಲ್ಲಿದ್ದ ಬಟ್ಟೆಯಿಂದ ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು.

"ನಿನ್ನೆ ಅಂಗಡಿಗೆ ಬಂದು ಕುರ್ಚಿ ಹತ್ತಿ ಕೂತಳು. 'ಅಪ್ಪಾ, ಹುಡುಗರ ಹಾಗೆ ಕತ್ತರಿಸು' ಅಂದಳು. ಯಾಕೆ ಅಂದೆ. 'ಯಾರಿಗೂ ಗುರುತು ಸಿಗಬಾರದು' ಅಂದಳು. ಆ ಜಡೆ ಅವರಮ್ಮ ದಿನಾ ಎಣ್ಣೆ ಹಚ್ಚಿ ಬೆಳೆಸಿದ್ದು. ನಾನೇ ಕತ್ತರಿಸಿದೆ ಮಿಸ್. ಇನ್ನೇನು ಮಾಡಲಿ?"

ಒಳಗೆ ಅಡುಗೆಮನೆಯ ಕಿಟಕಿಯ ಹಿಂದೆ ಅತ್ತೆ ನಿಂತಿದ್ದರು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಅವರು ತಿರುಗಿ ನೋಡಲಿಲ್ಲ.

ಶಾಲೆಯಲ್ಲಿ ಸಭೆ ಸೇರಿತು. ದಾಖಲಾತಿ ವೇಳೆ ಎಲ್ಲ ತಂದೆತಾಯಿಯರಿಂದ ಒಪ್ಪಿಗೆಯ ಸಹಿ ಪಡೆದಿದ್ದೇವೆ, ಶಾಲೆಯದೇನೂ ತಪ್ಪಿಲ್ಲ ಎಂದರು ಹೆಡ್‌ಮಾಸ್ಟರು. "ಸಹಿ ಇದೆ ಸಾರ್, ಮಗು ಇಲ್ಲ," ಎಂದು ಸೊಸೆ ಎದ್ದು ನಿಂತಳು. ತಪ್ಪು ನನ್ನದು ಎಂದು ಎಲ್ಲರೆದುರು ಒಪ್ಪಿಕೊಂಡಳು. ಪೇಜನ್ನು ಮುಚ್ಚಿದರು.

ಅವತ್ತು ಊಟಕ್ಕೆ ಕೂತಾಗ ಅತ್ತೆ ಶುರು ಮಾಡಿದರು. ಎದೆಯೊಳಗಿನ ಅಳುಕು ಬಾಯಲ್ಲಿ ಬುದ್ಧಿವಾದವಾಗಿ ಬರುತ್ತಿತ್ತು.

"ನಾನು ಮೊದಲಿನಿಂದಲೂ ಹೇಳ್ತಾ ಬಂದೆ. ಪಾಠ ಅಂದರೆ ನಾಲ್ಕು ಗೋಡೆ ಒಳಗೆ ಇರಬೇಕು. ಸಂತೇಲಿ ಮಾರೋ ಸರಕಲ್ಲ..."

"ಅಜ್ಜಿ, ಸಾಕು!" ಚಿನಕುರಳಿ ಲೋಟ ಕುಕ್ಕಿದಳು. "ಆ ವಿಡಿಯೋ ಎಲ್ಲರಿಗೂ ಒಂದು ಸಾಲಿನ ಜೊತೆ ಬಂದಿದೆ. 'ಬ್ರೆಡ್ ಪಾಠದ ಮಹಿಮೆ ನೋಡಿ' ಅಂತ. ಈ ಊರಲ್ಲಿ ಎಲ್ಲದಕ್ಕೂ ಮಹಿಮೆ ಅನ್ನೋರು ಯಾರು? ನಲ್ಲಿ ಸೋರಿದರೆ ನಲ್ಲಿ ಮಹಿಮೆ, ಅನ್ನ ಸೀದರೆ ಕುಕ್ಕರ್ ಮಹಿಮೆ!"

ಎಲ್ಲರೂ ಅತ್ತೆಯ ಕಡೆ ತಿರುಗಿದರು.

"ಅಮ್ಮಾ?" ಎಂದ ಮಗ.

"ನಮ್ಮ ಗ್ರೂಪಿಗೆ ಮಾತ್ರ ಕಳಿಸಿದೆ," ಎಂದರು ಅತ್ತೆ. "ಎಲ್ಲ ವಯಸ್ಸಾದವರು. ಅವರು ಎಲ್ಲಿಗೆ ಕಳಿಸ್ತಾರೆ ಅಂತ ನನಗೇನು ಕನಸೇ?"

"ನಾನು ಮಧ್ಯಾಹ್ನಕ್ಕೇ ತೆಗೆದಿದ್ದೆ ಅತ್ತೆ," ಎಂದಳು ಸೊಸೆ. ದನಿ ಸಣ್ಣಗಿತ್ತು. "ನೀವು ಕಳಿಸಿದ್ದೇ ಉಳೀತು. ನನ್ನ ಮೇಲಿನ ಕೋಪಕ್ಕೆ ಆ ಮಗೂನೇ ಬೇಕಿತ್ತಾ?"

"ಕೋಪ ಅಲ್ಲ!" ಅತ್ತೆ ಎದ್ದು ನಿಂತರು. "ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚು, ಏನೀಗ? ಊರಿಗೆಲ್ಲ ಅಕ್ಷರ ಕಲಿಸಿದವಳು ನಾನು. ಈಗ ನಾನು ಯಾರು? ಬ್ರೆಡ್ ಟೀಚರ ಅತ್ತೆ!"

ಸೊಸೆ ಮಗಳ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಲ್ಲ, ನೀನ್ಯಾಕೆ ಸುಮ್ಮನಿದ್ದೆ?"

"ಅವಳು ಇನ್ನು ಪೇಜಲ್ಲಿ ಬರಲ್ಲ ಅಂತ ಖುಷಿಯಾಗಿತ್ತು," ಎಂದು ಚಿನಕುರಳಿ ಬಿಕ್ಕಿ ಬಿಕ್ಕಿ ಅತ್ತಳು.

ಮಗ ತಟ್ಟೆ ಸರಿಸಿದ. ಈ ಸಲ ಅವನು ನಗಲಿಲ್ಲ. "ಲಿಫ್ಟಲ್ಲಿ ಯಾರಾದ್ರೂ ಸಿಕ್ಕಿಹಾಕಿಕೊಂಡರೆ ನಾವು ಗುಂಡಿ ಒತ್ತಿದ್ದು ಯಾರು ಅಂತ ಜಗಳ ಆಡಲ್ಲ. ಮೊದಲು ಬಾಗಿಲು ತೆಗೀತೀವಿ. ಒಳಗೆ ಒಂದು ಮಗು ಇದೆ. ನೀವು ಮೂರೂ ಜನ ಹೊರಗೆ ನಿಂತು ಕಿತ್ತಾಡ್ತಿದ್ದೀರ."

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳದೇ ಸದ್ದು. "ಅಜ್ಜಿಗೆ ಹೇಳು, ಮಾತ್ರೆ ಮೇಜಿನ ಮೇಲಿದೆ." "ನಿಮ್ಮಮ್ಮನಿಗೆ ಹೇಳು, ಕಾಣ್ತು." ಗ್ರೂಪಿನವರಿಗೆ ಅತ್ತೆ ಆ ವಿಡಿಯೋ ಅಳಿಸಿಬಿಡಿ ಎಂದು ಬರೆದರು. 'ತಮಾಷೆ ತಾನೇ ಮೇಡಂ' ಎಂಬ ಉತ್ತರ ಬಂತು. ಅತ್ತೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ, ತರಗತಿಯಲ್ಲಿ ಗದರುತ್ತಿದ್ದ ದನಿಯಲ್ಲೇ ಗದರಿ ಅಳಿಸಿಸಿದರು. ಅವರ ಕೈಲಿ ಅಳಿಸಿಸಬಹುದಾದದ್ದು ಅಷ್ಟೇ. ಉಳಿದದ್ದು ಎಲ್ಲೆಲ್ಲಿತ್ತೋ ಯಾರಿಗೆ ಗೊತ್ತು.

ಒಂದು ಬೆಳಿಗ್ಗೆ ಅವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಕ್ಷೌರದಂಗಡಿಗೆ ನಡೆದರು. ಕುರ್ಚಿಯಲ್ಲಿ ಒಬ್ಬ, ಬೆಂಚಿನ ಮೇಲೆ ಇಬ್ಬರು. ಮೂಲೆಯಲ್ಲಿ ತಲೆಗೊಂದು ಟೋಪಿ ಹಾಕಿಕೊಂಡು ಸಾಸಿವೆ ಬಾಚಣಿಗೆ ತೊಳೆಯುತ್ತಿದ್ದಳು. ಬೆಂಚಿನ ಮೇಲಿದ್ದವನೊಬ್ಬ ಎದ್ದು, "ದೊಡ್ಡ ಮೇಡಂ, ಕೂತ್ಕೊಳ್ಳಿ," ಎಂದ.

"ಬೇಡ, ನಿಂತೇ ಹೇಳ್ತೀನಿ." ಅತ್ತೆ ಅಂಗಡಿಯವನ ಕಡೆ ತಿರುಗಿದರು. "ಆ ವಿಡಿಯೋ ಊರಿಗೆಲ್ಲ ಹಂಚಿದವಳು ನಾನಪ್ಪ. ನಮ್ಮ ಸೊಸೆ ಅಲ್ಲ. ಅವಳ ಹೆಸರು ಕೆಡಿಸೋಕೆ ಹೋಗಿ ನಿನ್ನ ಮಗಳಿಗೆ ಹೀಗೆ ಮಾಡಿದೆ."

ಕತ್ತರಿಯ ಸದ್ದು ನಿಂತಿತು. "ಕೂದಲು ಮತ್ತೆ ಬೆಳೆಯುತ್ತೆ ಅಂತ ಮಾತ್ರ ಹೇಳಬೇಡಿ," ಎಂದ ಅವನು. "ಎಲ್ಲರೂ ಅದನ್ನೇ ಹೇಳಿ ಹೋದರು."

"ಹೇಳಲ್ಲ."

ಅತ್ತೆ ಮೆಲ್ಲಗೆ ಹೋಗಿ ಹುಡುಗಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಬಾಚಣಿಗೆಗಳನ್ನು ಬಟ್ಟೆಯಲ್ಲಿ ಒರೆಸಿ ಒಂದೊಂದಾಗಿ ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

"ಅರ್ಧವೇ ದೊಡ್ಡದು ಅಂದೆಯಲ್ಲ ಮಗಾ, ಯಾಕೆ?"

ಹುಡುಗಿ ಅನುಮಾನದಿಂದ ನೋಡಿದಳು. ಅಜ್ಜಿಯ ಕೈಯಲ್ಲಿ ಫೋನ್ ಇರಲಿಲ್ಲ.

"ಮನೇಲಿ ಒಂದು ಬನ್ನು ಇದ್ದರೆ ಅಣ್ಣ ಪೂರ್ತಿ ತಿಂದುಬಿಡ್ತಾನೆ. ಅಮ್ಮ ಇದ್ದರೆ ಅರ್ಧ ಮಾಡಿಕೊಡ್ತಾಳೆ, ಆಗ ನನಗೂ ಸಿಗುತ್ತೆ. ಪೂರ್ತಿ ಇದ್ದಾಗ ನನಗೆ ಏನೂ ಇಲ್ಲ. ಅರ್ಧ ಇದ್ದಾಗ ಇದೆ. ಅರ್ಧವೇ ದೊಡ್ಡದು ಅಲ್ವಾ?"

ಅಪ್ಪ ಕನ್ನಡಿಯಲ್ಲಿ ಮಗಳನ್ನು ನೋಡುತ್ತ ನಿಂತುಬಿಟ್ಟ. ಕುರ್ಚಿಯಲ್ಲಿದ್ದವನ ಅರ್ಧ ತಲೆ ಹಾಗೇ ಉಳಿಯಿತು.

"ಅಲ್ಲಿ ಯಾಕೆ ಹೇಳಲಿಲ್ಲ ಇದನ್ನ?"

"ಯಾರೂ ಕೇಳಲಿಲ್ಲ."

ಸಂಜೆ ಸೊಸೆ ಅಕ್ಕಿ ಆರಿಸುತ್ತಿದ್ದಾಗ ಅತ್ತೆ ಎದುರು ಬಂದು ಕೂತು ಎಲ್ಲವನ್ನೂ ಹೇಳಿದರು. ಚಿನಕುರಳಿಯ ಮೂಲಕ ಅಲ್ಲ, ನೇರವಾಗಿ. ಸೊಸೆಯ ಕೈ ಮೊರದ ಮೇಲೆ ನಿಂತಿತು. ಮೊದಲು ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಬೇರೇನೋ ಬಂತು.

"ನನ್ನ ತರಗತಿಯ ಮಗು. ನನಗೆ ಹೇಳಲಿಲ್ಲ. ನಿಮಗೆ ಹೇಳಿದಳು."

"ನೀನು ಕೇಳಲಿಲ್ಲ, ನಾನು ಕೇಳಿದೆ."

"ನೀವು ಮೂವತ್ತು ವರ್ಷ ಎಷ್ಟು ಜನರನ್ನ ಹಾಗೆ ಕೇಳಿದ್ರಿ ಅತ್ತೆ?"

ಅತ್ತೆ ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದರು. "ಕಿವಿ ಹಿಂಡಿದೆ. ಕೇಳಲಿಲ್ಲ."

ಸೊಸೆಗೆ ಹೊಟ್ಟೆ ಉರಿದದ್ದು ಅತ್ತೆಗೆ ಕಾಣಿಸಿತು. ಆ ಉರಿ ಅವರಿಗೆ ಚೆನ್ನಾಗಿ ಪರಿಚಯವಿತ್ತು. ಹಾಗಾಗಿ ಮುಂದಿನ ಮಾತಿಗೆ ಅವರಿಗೆ ಆಶ್ಚರ್ಯವಾಗಲಿಲ್ಲ.

"ಅತ್ತೆ, ಇದನ್ನ ಅವಳ ಬಾಯಲ್ಲೇ ಹೇಳಿಸಿ ಪೇಜ್ ಮತ್ತೆ ತೆರೆಸಿ ಹಾಕಿದರೆ? ನಕ್ಕವರೆಲ್ಲ ಬಾಯಿ ಮುಚ್ಚಬೇಕು. ಊರಿಗೆ ಊರೇ ಅವಳನ್ನ ಹೊಗಳುತ್ತೆ."

"ಅವಳನ್ನ ಹೊಗಳುತ್ತೋ, ನಿನ್ನನ್ನೋ?"

ಸೊಸೆಯ ಮುಖ ಕೆಂಪಾಯಿತು. "ಇಬ್ಬರನ್ನೂ ಹೊಗಳಿದರೆ ತಪ್ಪೇನು?"

"ತಪ್ಪು ಅನ್ನೋಕೆ ನನಗೆ ಯಾವ ಮುಖ ಇದೆ? ಆದರೆ ಹಾಕೋ ಮೊದಲು ಕೇಳು. ಅವಳಪ್ಪನನ್ನಲ್ಲ, ಅವಳನ್ನ."

ಮರುದಿನ ಸೊಸೆ ಅಂಗಡಿಗೆ ಹೋದಳು. ಅಪ್ಪ ಕೂಡಲೇ ಒಪ್ಪಿದ. ಮಗಳನ್ನು ಕತ್ತೆ ಮಾಡಿದ ಫೋನುಗಳಲ್ಲೇ ಮಗಳ ಜಾಣತನವನ್ನೂ ನೋಡಲಿ ಎಂದು ಅವನಿಗೂ ಆಸೆ. ಸಾಸಿವೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು.

"ಬೇಡ ಮಿಸ್."

"ಎಲ್ಲರೂ ಭೇಷ್ ಅಂತಾರೆ ಕಣೇ."

"ಭೇಷ್ ಬೇಡ. ಗೊತ್ತಿಲ್ಲದವರು ನನ್ನ ನೋಡೋದೇ ಬೇಡ."

ಸೊಸೆಯ ನಾಲಿಗೆಯ ತುದಿಯಲ್ಲಿ ಇನ್ನೂ ಮಾತುಗಳಿದ್ದವು, ಮಕ್ಕಳನ್ನು ಒಪ್ಪಿಸುವುದು ಅವಳ ಕಸುಬೇ. ಹುಡುಗಿಯ ಮುಖವನ್ನು ಈ ಸಲ ಕೊನೆಯವರೆಗೆ ನೋಡಿದಳು. "ಆಯ್ತು, ಬೇಡ," ಎಂದಳು. "ಸುಮ್ಮನೆ ಪಾಠಕ್ಕೆ ಬರ್ತೀಯಾ? ಫೋನು ನನ್ನ ಚೀಲದಲ್ಲಿರುತ್ತೆ." ಹುಡುಗಿ ಅಪ್ಪನ ಕಡೆ ನೋಡಿದಳು, ಆಮೇಲೆ ತಲೆಯಾಡಿಸಿದಳು.

ಮುಂದಿನ ತಿಂಗಳು ಹೆಡ್‌ಮಾಸ್ಟರು ಪೇಜನ್ನು ಮತ್ತೆ ತೆರೆದರು. ಅಷ್ಟರೊಳಗೆ ಸೊಸೆ ಅವರೊಂದಿಗೆ ಎಷ್ಟೋ ಸಲ ಜಗಳವಾಡಿ ಕೆಲವು ಮಾತು ಒಪ್ಪಿಸಿದ್ದಳು. ಪೇಜಿನಲ್ಲಿ ಮಕ್ಕಳು ಮಾಡಿದ ಕೆಲಸ ಬರಲಿ. ಮುಖ ಬರಬೇಕಾದರೆ ದೊಡ್ಡವರು ಒಪ್ಪಿದರೆ ಸಾಲದು, ಮಗುವೂ ಒಪ್ಪಬೇಕು. ತಪ್ಪು ಉತ್ತರ ತರಗತಿಯ ಹೊಸ್ತಿಲು ದಾಟಬಾರದು. ಮತ್ತೆ, ಯಾವುದನ್ನೇ ಹಾಕುವ ಮುನ್ನ ಪಾಠ ಮಾಡಿದವರಲ್ಲದೆ ಇನ್ನೊಬ್ಬರು ಅದನ್ನು ಕಣ್ಣಿಟ್ಟು ನೋಡಬೇಕು.

"ಆ ಇನ್ನೊಬ್ಬರು ನೀವೇ ಆಗಿ," ಎಂದಳು ಅತ್ತೆಗೆ.

"ನಾನಾ? ನಾನು ಮಾಡಿದ್ದು ಮರೆತೋಯ್ತಾ?"

"ಮರೆತಿಲ್ಲ. ನನ್ನ ಕೆಲಸದಲ್ಲಿ ತಪ್ಪು ಹುಡುಕೋಕೆ ನಿಮ್ಮಷ್ಟು ಮನಸ್ಸಿಟ್ಟು ಕೂರೋರು ಇನ್ನು ಯಾರಿದ್ದಾರೆ?"

ಅತ್ತೆ ಕನ್ನಡಕ ಒರೆಸಿಕೊಂಡು ಕೂತರು. ಮೊದಲ ವಾರವೇ ಎರಡು ವಿಡಿಯೋ ಬೇಡವೆಂದರು. ಒಂದರಲ್ಲಿ ಹಿಂದಿನ ಬೆಂಚಿನ ಹುಡುಗನ ಹರಿದ ಅಂಗಿ ಕಾಣುತ್ತಿತ್ತು, ಇನ್ನೊಂದರಲ್ಲಿ ಸೊಸೆಯೇ ಜಾಸ್ತಿ ಕಾಣುತ್ತಿದ್ದಳು. ಎರಡನೆಯದಕ್ಕೆ ದೊಡ್ಡ ಜಗಳವಾಯಿತು. ಕೊನೆಗೆ ಪೇಜಿಗೆ ಹೋದದ್ದು ಮಕ್ಕಳು ಅಳೆದು ಬರೆದ ಶಾಲೆಯ ಅಂಗಳದ ನಕ್ಷೆ. ಬಿದ್ದ ಹಾರ್ಟುಗಳು ಬೆರಳೆಣಿಕೆಯಷ್ಟು. ಹೆಡ್‌ಮಾಸ್ಟರ ಮುಖ ಸಪ್ಪಗಾಯಿತು.

ಆ ದಿನ ಊಟಕ್ಕೆ ಕೂತಾಗ ಸೊಸೆ ಹೇಳಿದಳು: "ಸಾಸಿವೆ ಇವತ್ತು ಕೈ ಎತ್ತಿದಳು."

ಅತ್ತೆಯ ತುತ್ತು ಅರ್ಧದಲ್ಲೇ ನಿಂತಿತು. "ಏನು ಹೇಳಿದಳು?"

"ತಪ್ಪು ಉತ್ತರ. ಯಾರೋ ನಗೋಕೆ ಹೋದರು, ನಾನು ಬಿಡಲಿಲ್ಲ. ಯಾಕೆ ಹಾಗಂತೀಯ ಅಂತ ಕೇಳಿದೆ. ಎಂಥಾ ಮಾತು ಹೇಳಿದಳು ಅಂತೀರಾ ಅತ್ತೆ!"

"ಏನಂತ?"

"ಅದು ತರಗತಿಯ ಮಾತು. ಹೊಸ್ತಿಲು ದಾಟಬಾರದು."

"ನನಗೂ ಹೇಳಲ್ವಾ? ಆ ಕೋಣೇಲಿ ಮೂವತ್ತು ವರ್ಷ ಸೀಮೆಸುಣ್ಣ ತಿಂದವಳು ನಾನು!"

"ಯಾರಿಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ," ಎಂದು ಸೊಸೆ ನೆಮ್ಮದಿಯಾಗಿ ಅನ್ನ ಕಲೆಸಿಕೊಂಡಳು. ಚಿನಕುರಳಿ ಕಿಸಕ್ಕೆಂದಳು.

ಅತ್ತೆ ಮಗನ ತಲೆಯ ಮೇಲೆ ಕಣ್ಣು ನೆಟ್ಟರು.

"ನಿನ್ನ ಕೂದಲು ತುಂಬಾ ಬೆಳೆದಿದೆ ಕಣೋ. ನಾಳೆ ಕ್ಷೌರಕ್ಕೆ ಹೋಗೋಣ, ನಾನೂ ಬರ್ತೀನಿ."

"ಮೊನ್ನೆ ತಾನೇ ಮಾಡಿಸ್ಕೊಂಡೆ ಅಮ್ಮ."

"ಸರಿಯಾಗಿ ಮಾಡಿಲ್ಲ," ಎಂದರು ಅತ್ತೆ. "ಬೆಳಿಗ್ಗೆ ಬೇಗ ಏಳು."